ನದಿಯಲ್ಲಿ ತೇಲುವ ಪಯಣ: ದಡ ಸೇರುವ ಜಾಗವನ್ನು ಮೊದಲು ಗೊತ್ತುಮಾಡಿ

ರಸ್ತೆಯಲ್ಲಿ ದಾರಿ ತಪ್ಪಿದರೆ ಹಿಂದಿರುಗಬಹುದು. ಹರಿವಿನ ಜೊತೆ ತೇಲುತ್ತ ಸಾಗುವವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ದೋಣಿಯನ್ನು ಎಲ್ಲಿ ನೀರಿಗಿಳಿಸಬೇಕೆಂದು ಯೋಚಿಸುವ ಮೊದಲೇ ಎಲ್ಲಿ ದಡ ಸೇರಬೇಕೆಂಬುದನ್ನು ತೀರ್ಮಾನಿಸಬೇಕು. ಆ ಜಾಗಕ್ಕೆ ಖುದ್ದಾಗಿ ಹೋಗಿ, ನೀರಿನ ಕಡೆಯಿಂದ ಅದು ಹೇಗೆ ಕಾಣುತ್ತದೆಂದು ಗಮನಿಸಿ, ಅದಕ್ಕಿಂತ ಸ್ವಲ್ಪ ಮೊದಲು ಸಿಗುವ ಸೇತುವೆಯನ್ನೋ ದೊಡ್ಡ ಮರವನ್ನೋ ಗುರುತಾಗಿ ಇಟ್ಟುಕೊಳ್ಳಿ. ಎರಡು ವಾಹನಗಳಿದ್ದರೆ ಒಂದನ್ನು ಅಲ್ಲಿಯೇ ನಿಲ್ಲಿಸಿ ಬರುವುದು ಒಳ್ಳೆಯದು.

ಅನಂತರ ದೂರದ ಲೆಕ್ಕ. ಸಾಧಾರಣ ಹರಿವಿನಲ್ಲಿ ಹುಟ್ಟು ಹಾಕದೆ ತೇಲಿದರೆ ಗಂಟೆಗೆ 3ರಿಂದ 5 ಕಿಲೋಮೀಟರ್ ಸಾಗಬಹುದು. ಆಳವಾದ ಮಡುಗಳಲ್ಲಿ, ಎದುರುಗಾಳಿ ಬೀಸುವಾಗ, ಅಷ್ಟೂ ಆಗದು. ಮೊದಲ ಪಯಣಕ್ಕೆ 8 ಕಿಲೋಮೀಟರ್ ಸಾಕೆಂಬುದು ನನ್ನ ಅಭಿಪ್ರಾಯ. ಕತ್ತಲಾಗುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲೇ ದಡ ಸೇರುವಂತೆ ಹೊರಡಬೇಕು.

ನದಿಯ ಕಠಿಣತೆಯನ್ನು 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಿದೆ. ಅನುಭವವಿಲ್ಲದವರು ಸಣ್ಣ ಅಲೆಗಳಷ್ಟೇ ಇರುವ 1ನೇ ದರ್ಜೆಯನ್ನು ಮೀರಬಾರದು. ಆದರೆ ದರ್ಜೆ ಸ್ಥಿರವಲ್ಲ: ಮಳೆ ಬಂದು ನೀರು ಏರಿದರೆ, ನಿನ್ನೆ ಶಾಂತವಾಗಿದ್ದ ಪಾತ್ರವೇ ಇಂದು ಅಪಾಯಕಾರಿಯಾಗಬಹುದು. ಹೊರಡುವ ದಿನ ಬೆಳಿಗ್ಗೆ ನೀರಿನ ಹರಿವು ಎಷ್ಟು ಕ್ಯುಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ) ಇದೆಯೆಂದೂ, ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದರೆ ನೀರು ಬಿಡುವ ಸೂಚನೆ ಇದೆಯೇ ಎಂದೂ ವಿಚಾರಿಸಿ. ನೀರು ಕೆಸರಾಗಿ, ಕಸಕಡ್ಡಿಗಳನ್ನು ಹೊತ್ತು ಬರುತ್ತಿದ್ದರೆ ಪಯಣವನ್ನು ಮುಂದೂಡಿ.

ಎರಡು ಅಡೆತಡೆಗಳ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಒಂದು, ನದಿಗೆ ಅಡ್ಡಲಾಗಿ ಬಿದ್ದ ಮರ. ಅದರ ಕೊಂಬೆಗಳ ನಡುವೆ ನೀರು ಸೋಸಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಇಂಥ ಮರಗಳು ಹೆಚ್ಚಾಗಿ ಸಿಗುವ ಬಾಗುಗಳ ಹೊರದಡದಲ್ಲಿ ಸೆಳವು ಜೋರಾಗಿರುವುದರಿಂದ ದೋಣಿ ತಾನಾಗಿ ಅತ್ತಲೇ ವಾಲುತ್ತದೆ, ಆದ್ದರಿಂದ ಬಾಗು ಬರುವ ಮುನ್ನವೇ ಒಳದಡದತ್ತ ಹುಟ್ಟು ಹಾಕಬೇಕು. ಇನ್ನೊಂದು, ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗಿನ ಒಡ್ಡು. ಮೇಲಿನಿಂದ ಬರುವವರಿಗೆ ಅದು ನಯವಾದ ಒಂದು ಗೆರೆಯಂತೆ ಮಾತ್ರ ಕಾಣುತ್ತದೆ. ಅದರ ಬುಡದಲ್ಲಿ ನೀರು ಹಿಂದಕ್ಕೆ ಮಗುಚುತ್ತಲೇ ಇರುವುದರಿಂದ, ಬಿದ್ದವರನ್ನು ಮತ್ತೆ ಮತ್ತೆ ಒಳಗೆಳೆಯುತ್ತದೆ. ಅಂಥ ಒಡ್ಡುಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ, ಸಾಕಷ್ಟು ದೂರದಲ್ಲೇ ದಡಕ್ಕೆ ಬಂದು, ದೋಣಿಯನ್ನು ಹೊತ್ತು ದಾಟಬೇಕು.

ಈಜು ಬಲ್ಲವರೂ ಸೇರಿದಂತೆ ಪ್ರತಿಯೊಬ್ಬರೂ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಧರಿಸಿ, ಬಕಲ್ ಬಿಗಿದುಕೊಂಡಿರಬೇಕು. ದೋಣಿಯಲ್ಲಿ ಮಡಚಿಟ್ಟ ಜಾಕೆಟ್ ಆಪತ್ತಿನಲ್ಲಿ ಕೈಗೆ ಸಿಗುವುದಿಲ್ಲ. ನೀರು ಸೇರದ ಚೀಲದಲ್ಲಿ ಒಣ ಬಟ್ಟೆ, ಫೋನ್ ಹಾಗೂ ಪ್ರಥಮ ಚಿಕಿತ್ಸೆಯ ಸಾಮಗ್ರಿ ಇರಲಿ. ಕುಡಿಯುವ ನೀರು, ಸೀಟಿ ಮತ್ತು ಹಿಂಬದಿ ಪಟ್ಟಿಯಿರುವ ಚಪ್ಪಲಿಯೂ ಬೇಕು. ಹಗ್ಗವನ್ನು ಯಾರ ಮೈಗೂ ಕಟ್ಟಬಾರದು.

ನೀರಿಗೆ ಬಿದ್ದರೆ ಏನು ಮಾಡಬೇಕೆಂಬುದನ್ನು ದಡದಲ್ಲೇ ಎಲ್ಲರಿಗೂ ಹೇಳಿಕೊಡಿ: ಅಂಗಾತ ತೇಲುತ್ತ, ಪಾದಗಳನ್ನು ಹರಿವಿನ ದಿಕ್ಕಿಗೆ ಮುಂದಿಟ್ಟು, ಕಾಲ್ಬೆರಳುಗಳನ್ನು ನೀರಿನ ಮೇಲಿರಿಸಬೇಕು. ಸೆಳವಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲುಗಳ ನಡುವೆ ಸಿಕ್ಕಿ, ನೀರಿನ ಒತ್ತಡ ಮೈಯನ್ನು ಕೆಳಗೆ ಕೆಡವುತ್ತದೆ. ಹೊರಡುವ ಮುನ್ನ, ಎಷ್ಟು ಹೊತ್ತಿಗೆ ಎಲ್ಲಿ ದಡ ಸೇರುವಿರೆಂದು ಮನೆಯವರೊಬ್ಬರಿಗೆ ಬರೆದುಕೊಡಿ. ತಲುಪಿದ ಕೂಡಲೇ ಅವರಿಗೆ ತಿಳಿಸಿ.