ತಾರಸಿ ಮೇಲೊಂದು ಪುಟ್ಟ ಕಡಲು: ಬಿಸಿಲಲ್ಲೇ ಉಪ್ಪುನೀರನ್ನು ಸಿಹಿ ಮಾಡುವುದು ಹೇಗೆ?

ಬೆಂಗಳೂರಿಗೆ ಸಮುದ್ರ ಎಲ್ಲಿಂದ ತರೋದು ಅಂತೀರಾ? ಅಡುಗೆಮನೆಯಲ್ಲೇ ಇದೆ. ನಾಲ್ಕು ಲೀಟರ್ ನಲ್ಲಿ ನೀರಿಗೆ 140 ಗ್ರಾಂ ಉಪ್ಪು ಹಾಕಿ ಕದಡಿ. ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಾಗುತ್ತದೆ.

ಒಂದೂವರೆ ಅಡಿ ಅಗಲ, ಎರಡಡಿ ಉದ್ದದ ಸ್ಟೀಲ್ ಟ್ರೇ ತಗೊಳ್ಳಿ. ಅದು ಕೂರುವಂಥ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಟ್ರೇ ಕೆಳಗೆ ಥರ್ಮೊಕೋಲ್ ಹಾಸಿ. ಪೆಟ್ಟಿಗೆಯ ಉದ್ದದ ಬದಿಗಳಲ್ಲಿ ಒಂದು ಇನ್ನೊಂದಕ್ಕಿಂತ ಐದು ಇಂಚು ಎತ್ತರ ಇರಲಿ. ಮೇಲೆ ಗುಜರಿಯ ಹಳೆ ಕಿಟಕಿ ಗಾಜು ಸಾಕು. ಬಿಸಿಲಿಗೆ ಟ್ರೇಯ ಉಪ್ಪುನೀರಿಂದ ಎದ್ದ ಆವಿ ಈ ಗಾಜಿನ ಒಳಮೈಗೆ ತಾಗಿ ಹನಿಯಾಗಿ, ಇಳಿಜಾರಲ್ಲಿ ಕೆಳಗೆ ಜಾರಬೇಕು. ಇಳಿಜಾರು ದಕ್ಷಿಣಕ್ಕಿರಲಿ. ನಾನು ಮೊದಲ ಸಲ ಗಾಜನ್ನು ಹೆಚ್ಚುಕಡಿಮೆ ಮಟ್ಟಸವಾಗಿಯೇ ಇಟ್ಟಿದ್ದೆ, ಹನಿಗಳು ದಪ್ಪಗಾಗಿ ಜಾರುವ ಬದಲು ಟಪ್ ಅಂತ ವಾಪಸ್ ಉಪ್ಪುನೀರಿಗೇ ಬಿದ್ದವು!

ಗಾಜಿನ ತಗ್ಗು ಅಂಚಿನ ಒಳಗೆ, ಹನಿ ಬೀಳುವ ಕಡೆ, ಸ್ಟೀಲ್ ಪಟ್ಟಿ ಮಡಚಿ ನೀರು ಹರಿಯುವ ದೋಣಿ ಕೂರಿಸಿ, ಅದರಿಂದ ಬಾಟಲಿಗೆ ಒಂದು ಪೈಪ್ ಬಿಡಿ. ಸುತ್ತಲ ಸಂದಿಗೆ ಮೀನಿನ ತೊಟ್ಟಿಗೆ ಬಳಸುವ ಸಿಲಿಕೋನ್ ಹಚ್ಚಿ. ಆವಿ ಸೋರಿದರೆ ಅಷ್ಟೂ ನಷ್ಟ.

ಟ್ರೇ ತಳ ಕಪ್ಪಗಿದ್ದರೆ ಶಾಖ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೇ ಗೇಟಿಗೆ ಹೊಡೆಯೋ ಕಪ್ಪು ಪೇಂಟ್ ಬಳಿದೆ, ಬಂದ ನೀರು ಪೇಂಟ್ ಅಂಗಡಿ ಥರ ನಾರುತ್ತಿತ್ತು. ಆವಿ ಉಪ್ಪನ್ನು ಹೊತ್ತೊಯ್ಯುವುದಿಲ್ಲ ನಿಜ, ಆದರೆ ಬಿಸಿಗೆ ಹಾರುವ ರಾಸಾಯನಿಕಗಳು ಅದರ ಜೊತೆಗೇ ಬರುತ್ತವೆ. ಈಗ ಕಪ್ಪು ಗ್ರಾನೈಟ್ ಚೂರುಗಳನ್ನು ಹಾಸಿದ್ದೇನೆ.

ಉಪ್ಪುನೀರು ಒಂದೂವರೆ ಸೆಂಟಿಮೀಟರ್ ಆಳವಿದ್ದರೆ ಸಾಕು, ಜಾಸ್ತಿಯಾದರೆ ಕಾಯೋದು ತಡ. ಮಾರ್ಚ್ ಬಿಸಿಲಲ್ಲಿ ಇಡೀ ದಿನಕ್ಕೆ ಅರ್ಧ ಲೀಟರ್ ಬಂದರೆ ಖುಷಿಪಡಿ. ಜುಲೈ ಮೋಡದಲ್ಲಿ ಆಸೆಯೇ ಬೇಡ. ಮೊದಲೆರಡು ದಿನದ್ದನ್ನು ಚೆಲ್ಲಿ, ಆಮೇಲೆ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಉಪಕರಣ) ಅದ್ದಿ ನೋಡಿ. 50ಕ್ಕಿಂತ ಕಡಿಮೆ ತೋರಿಸಿದರೆ ಉಪ್ಪು ದಾಟಿಲ್ಲ ಅಂತಲೇ ಅರ್ಥ. ರುಚಿ ಮಾತ್ರ ಸಪ್ಪೆ.

ದಿನಕ್ಕೆ ಇಷ್ಟೇನಾ ನೀರು ಅನ್ನಿಸ್ತಾ? ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.63 ಯೂನಿಟ್ ಶಾಖ ಬೇಕು. ಚಿಲಿಯ ಮರುಭೂಮಿಯಲ್ಲಿ 1872ರಲ್ಲೇ ಇದೇ ಉಪಾಯದಿಂದ ದಿನಕ್ಕೆ 20,000 ಲೀಟರ್ ಆಸುಪಾಸು ತೆಗೆದರು, ಆದರೆ ಅದಕ್ಕೆ ಒಂದು ಎಕರೆಗೂ ಹೆಚ್ಚು ಜಾಗಕ್ಕೆ ಗಾಜು ಹೊದಿಸಬೇಕಾಯಿತು. ಈಗಿನ ದೊಡ್ಡ ಆರ್‌ಒ ಘಟಕಗಳು ಆವಿ ಮಾಡುವ ಗೋಜಿಗೇ ಹೋಗದೆ, ಕಡಲ ನೀರನ್ನು 55ರಿಂದ 70 ಬಾರ್ ಒತ್ತಡದಲ್ಲಿ ಉಪ್ಪು ತಡೆಯುವ ಪೊರೆಯ ಮೂಲಕ ತಳ್ಳಿ, ಮೂರ್ನಾಲ್ಕು ಯೂನಿಟ್ ಕರೆಂಟಿನಲ್ಲಿ ಸಾವಿರ ಲೀಟರ್ ಕೊಡುತ್ತವೆ. ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ನಮ್ಮೂರ ಬಿಸಿಲಿಗೆ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ಕರೆಂಟ್ ಕೊಡುತ್ತದೆ, ಅಲ್ವಾ? ಹಾಗಂತ ಮನೆಯ ಆರ್‌ಒಗೆ ಸುಮ್ನೆ ಉಪ್ಪುನೀರು ಸುರಿದು ನೋಡಬೇಡಿ, ಅದರ ಪುಟ್ಟ ಪಂಪಿಗೆ ಅಷ್ಟು ಒತ್ತಡ ಬರುವುದಿಲ್ಲ.

ಟ್ರೇಯಲ್ಲಿ ಉಳಿದ ಗಟ್ಟಿ ಉಪ್ಪುನೀರನ್ನು ಗಿಡಕ್ಕಾಗಲಿ ಇಂಗುಗುಂಡಿಗಾಗಲಿ ಹಾಕಬೇಡಿ. ಗಾಜು ತೆಗೆದು ಒಣಗಲು ಬಿಡಿ. ಉಪ್ಪು ವಾಪಸ್ ಸಿಗುತ್ತದೆ, ಮುಂದಿನ ಸಲದ ಸಮುದ್ರಕ್ಕೆ ಅದೇ ಆಯ್ತು.