ಕತ್ತಿನ ಕೀವುಗಂಟಿಗೆ ಗಾಜ್ ಬಟ್ಟೆ ತುಂಬೋದು ಬಿಟ್ಟೆ

ಮೊದಲ ಸಲ ಗ್ಲೌಸಿನ ಕಫ್‌ನಿಂದ ಕತ್ತರಿಸಿದ ಪಟ್ಟಿಯನ್ನು ಮಗುವಿನ ಕತ್ತಿನ ಕೀವುಗಂಟಿನ ಎರಡು ತೂತಿಗೆ ಪೋಣಿಸಿ ಗಂಟು ಹಾಕಿದಾಗ ಹಿರಿಯ ಸರ್ಜನ್ ಒಬ್ಬರು ನೋಡಿ, "ಇದೇನಪ್ಪ, ಕತ್ತಿಗೆ ಓಲೆ ಹಾಕಿದ ಹಾಗಿದೆ, ಇದರಲ್ಲಿ ಕೀವು ಹೋಗುತ್ತಾ?" ಅಂದರು. ಹೋಗುತ್ತೆ ಸಾರ್. ಈ ಆರೇಳು ವರ್ಷದಲ್ಲಿ ಹೆಚ್ಚುಕಡಿಮೆ 60 ಮಕ್ಕಳಿಗೆ ಮಾಡಿದ್ದೇನೆ. ಮತ್ತೆ ಕೊಯ್ಯಬೇಕಾಗಿ ಬಂದದ್ದು ನಾಲ್ಕೈದು ಮಕ್ಕಳಿಗೆ.

ಹೀಗೆ ಪಟ್ಟಿ ಪೋಣಿಸಿ ಕೀವು ಹರಿಯಲು ಬಿಡೋದಕ್ಕೆ ಲೂಪ್ ಡ್ರೈನ್ ಅಂತಾರೆ, ಅದು ನಾನು ಕಂಡುಹಿಡಿದದ್ದಲ್ಲ. ಆದರೆ ಚಿಕ್ಕಮಗಳೂರಲ್ಲಿ ಅದು ಬೇಕು ಅಂತ ನನಗೆ ಅರ್ಥವಾದದ್ದು ಕೊಟ್ಟಿಗೆಹಾರದ ಕಡೆಯ ಎಸ್ಟೇಟ್ ಕೂಲಿ ಲೈನಿನ ಒಂದು ಮೂರು ವರ್ಷದ ಹುಡುಗಿಯಿಂದ. ಮನೆಯವರು ಮಂಗನಬಾವು ಅಂತ ಲೇಪ ಹಚ್ಚಿ ಹತ್ತು ದಿನ ಕಾದಿದ್ದರು. ನಾನು ಉದ್ದಕ್ಕೆ ಕೊಯ್ದು ಗಾಜ್ ತುಂಬಿದೆ. ದಿನಾ ಡ್ರೆಸಿಂಗ್. ಟ್ರೇ ಸದ್ದು ಕೇಳಿದರೆ ಸಾಕು, ಆ ಮಗು ಅಮ್ಮನ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿತ್ತು. ಜುಲೈ ಮಳೆ, ಎರಡು ಬಸ್, ಅಮ್ಮನಿಗೆ ಒಂದು ದಿನದ ಕೂಲಿ ಹೋಯಿತು, ಮೇಲೆ ಡ್ರೆಸಿಂಗ್ ದುಡ್ಡು. ಎಲ್ಲಾ ಸೇರಿ ದಿನಕ್ಕೆ 700 ರೂಪಾಯಿ ಹತ್ತಿರ. ನಾಲ್ಕನೇ ದಿನದಿಂದ ಬರಲಿಲ್ಲ. ಮೂರು ವಾರ ಬಿಟ್ಟು ಬಂದಾಗ ಮೇಲೆ ಚರ್ಮ ಮುಚ್ಚಿ ಒಳಗೆ ಮತ್ತೆ ಕೀವು ಕಟ್ಟಿತ್ತು. ತಪ್ಪು ಅವರದಲ್ಲ.

ಈಗ ಮಾಡೋದು ಇಷ್ಟೇ. ಸ್ಕ್ಯಾನಿನಲ್ಲಿ ಕೀವು ಕಂಡರೆ ಮಾತ್ರ ಕೈ ಹಾಕುತ್ತೇನೆ. ಚರ್ಮದ ಮಡಿಕೆಯ ಉದ್ದಕ್ಕೇ ನಾಲ್ಕೈದು ಮಿಲಿಮೀಟರಿನ ಎರಡು ತೂತು, ಮಧ್ಯೆ ಮೂರ್ನಾಲ್ಕು ಸೆಂಟಿಮೀಟರ್. ಒಳಗೆ ಕೀವನ್ನು ಭಾಗ ಮಾಡಿರುವ ಗೋಡೆ ಒಡೆದು, ಯಾವ ರೋಗಾಣು ಅಂತ ನೋಡುವ ಕಲ್ಚರಿಗೆ ಕೀವು ತೆಗೆದು, ತೊಳೆದು, ಪಟ್ಟಿ ಪೋಣಿಸಿ ಸಡಿಲವಾಗಿ ಗಂಟು. ತೂತು ದವಡೆಯಿಂದ ಎರಡು ಬೆರಳು ಕೆಳಗೇ ಇರಲಿ, ತುಟಿ ಇಳಿಸುವ ನರ ಅದಕ್ಕಿಂತ ಮೇಲೆ ಓಡುತ್ತೆ. ಮನೆಯಲ್ಲಿ ಉಗುರುಬೆಚ್ಚನೆ ನೀರಲ್ಲಿ ತೊಳೆದು ಗಾಜ್ ಬದಲಾಯಿಸಿದರೆ ಸಾಕು. ಏಳರಿಂದ ಹತ್ತು ದಿನಕ್ಕೆ ಒಂದು ಕತ್ತರಿ ಏಟು, ಎಳೆದರೆ ಮುಗಿಯಿತು. ಮಗು ಕೈ ಹಾಕಿ ಕಿತ್ತುಕೊಳ್ಳದ ಹಾಗೆ ಗಂಟನ್ನು ಎಲ್ಲಿ ಕೂರಿಸೋದು ಅನ್ನೋದು ಬರೆದು ಹೇಳುವಂಥದ್ದಲ್ಲ, ಆಪರೇಷನ್ ಥಿಯೇಟರಿಗೆ ಬನ್ನಿ, ತೋರಿಸುತ್ತೇನೆ.

ಶುರುವಿನಲ್ಲಿ ಕೆಟ್ಟದ್ದೂ ಉಂಟು. ಎರಡನೇ ಮಗುವಿಗೆ ತೂತು ಸಣ್ಣದು ಅಂತ ಹೆದರಿ ಒಳಗೆ ಸರಿಯಾಗಿ ಒಡೆಯಲಿಲ್ಲ, ಐದನೇ ದಿನ ಮತ್ತೆ ಜ್ವರ. ಇನ್ನೊಬ್ಬನಿಗೆ ಸ್ಕ್ಯಾನ್ ಮಾಡಿಸದೆ ಇನ್ನೂ ಕೀವಾಗದ ಗಟ್ಟಿ ಊತವನ್ನೇ ಕೊಯ್ದೆ, ಬರೀ ರಕ್ತ ಬಂತು. ಅವನಿಗೆ ಆಂಟಿಬಯೋಟಿಕ್ ಇನ್ನೆರಡು ದಿನ ಕೊಟ್ಟಿದ್ದರೆ ಸಾಕಿತ್ತೇನೋ. ಎಲ್ಲಕ್ಕಿಂತ ನೋವಾದದ್ದು ಕಡೂರು ಕಡೆಯ ಒಬ್ಬ ಹುಡುಗನದು. ಬಿಸಿ ಇಲ್ಲ, ನೋವಿಲ್ಲ, ತಿಂಗಳಿಂದ ಊತ. ಹಳಬರು ನೋಡಿದ್ದರೆ ಗಂಡಮಾಲೆ ಅಂತ ಒಂದೇ ಮಾತಲ್ಲಿ ಹೇಳುತ್ತಿದ್ದರು. ನಾನು ಲೂಪ್ ಹಾಕಿದೆ. ಟಿಬಿ ಆಗಿತ್ತು. ತೂತು ಮುಚ್ಚದೆ ಐದಾರು ತಿಂಗಳು ಸೋರಿತು. ಈಗ ಅಂಥ ಗಂಟಿಗೆ ಬ್ಲೇಡ್ ಮುಟ್ಟಿಸೋದಿಲ್ಲ. 18 ನಂಬರಿನ ದಪ್ಪ ಸೂಜಿಯಲ್ಲಿ ಮೇಲ್ಗಡೆಯ ಚೆನ್ನಾಗಿರುವ ಚರ್ಮದಿಂದ ಕೀವು ಎಳೆದು ಸಿಬಿ ನ್ಯಾಟ್ ಅನ್ನೋ ಟಿಬಿ ಪರೀಕ್ಷೆಗೆ ಕಳಿಸುತ್ತೇನೆ. ಟಿಬಿ ಲಸಿಕೆ ಬಿಸಿಜಿ ಹಾಕಿದ ಮೇಲೆ ಎಡ ಕಂಕುಳಲ್ಲಿ ಕೀವಾಗುವ ಎಳೆಮಕ್ಕಳಿಗೂ ಸೂಜಿಯೇ.

ಪಟ್ಟಿಗೆ ಬೇರೆ ಬೇರೆ ನೋಡಿದೆ. ಮಕ್ಕಳ ಫೀಡಿಂಗ್ ಟ್ಯೂಬ್ ಬಿರುಸು, ಚರ್ಮ ಉಜ್ಜುತ್ತೆ. ದಪ್ಪ ಸಿಲ್ಕ್ ದಾರ ಚರ್ಮವನ್ನೇ ಕೊಯ್ಯಿತು. ಸಿಲಿಕೋನ್ ಲೂಪ್ ಚೆನ್ನಾಗಿದೆ, ಆದರೆ ಅದರ ರೇಟಿಗೆ ಹತ್ತು ಜೊತೆ ಗ್ಲೌಸ್ ಬರುತ್ತೆ. ಪೌಡರ್ ಇಲ್ಲದ ಸ್ಟೆರೈಲ್ ಗ್ಲೌಸಿಗೇ ನಿಂತಿದ್ದೇನೆ. ಲ್ಯಾಟೆಕ್ಸ್ ಅಲರ್ಜಿ ಇದೆಯಾ ಅಂತ ಮಾತ್ರ ಮೊದಲೇ ಕೇಳುತ್ತೇನೆ.

ಇನ್ನೊಂದು. ಕೀವುಗಂಟು ಕತ್ತಿನ ಹಿಂದೆ ಇದ್ದರೆ ಜಡೆ ಬಿಚ್ಚಿ ತಲೆ ನೋಡಿ, ಸೋಂಕು ಅಲ್ಲಿಂದಲೇ ಇಳಿದಿರಬಹುದು. ಹೇನು ಕೆರೆದು ಕೆರೆದು ಆದ ಹುಣ್ಣು ಎಣ್ಣೆಯ ಕೆಳಗೆ ಒಣಗಿ ಅಂಟಿಕೊಂಡಿರುತ್ತೆ. ಮೇಲೆ ಹೇಳಿದೆನಲ್ಲ, ಆ ಹುಡುಗಿ, ಎರಡನೇ ಸಲ ಬಂದಾಗ ಲೂಪ್ ಹಾಕುವಾಗ ಅವಳ ತಲೆಯಲ್ಲೂ ಅದೇ ಇತ್ತು. ಹತ್ತು ದಿನಕ್ಕೆ ಒಂದೇ ಸಲ ಬಂದಳು, ಪಟ್ಟಿ ತೆಗೆಸಿಕೊಂಡು ಹನ್ನೊಂದೂವರೆ ಬಸ್ಸಿಗೆ ಹೋದಳು.