ಭಾಷಣ ಬಿಟ್ಟು ಸಂಪುಟ ಹಿಡಿದೆ: ಬಜೆಟ್ ವರದಿಗಾರಿಕೆಯ ನನ್ನ ಅನುಭವ

"ಲೆಕ್ಕಶೀರ್ಷಿಕೆ ಓದಿ ರಾಜಕೀಯ ಸುದ್ದಿ ಬರೆಯೋಕಾಗುತ್ತೇನ್ರೀ? ಹೋಗಿ ನಾಯಕರ ಮನೆ ಮುಂದೆ ನಿಲ್ಲಿ." ಹತ್ತು ವರ್ಷ ನಮ್ಮ ವೃತ್ತಿಯವರಿಂದಲೇ ಈ ಮಾತು ಕೇಳಿದ್ದೇನೆ. ಹೋದ ಬಜೆಟ್ ಅಧಿವೇಶನದಲ್ಲಿ ನನ್ನ ವರದಿ ಮುಖಪುಟದ ಲೀಡ್ ಆಯಿತು, ಮರುದಿನ ಬೇರೆ ಎರಡು ಪತ್ರಿಕೆಗಳು ಫಾಲೋಅಪ್ ಮಾಡಿದವು. ಆ ಮಾತು ಹೇಳಿದ್ದವರೇ ಫೋನ್ ಮಾಡಿ "ಅದು ಯಾವ ಸಂಪುಟದಲ್ಲಿದೆ?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಸಂಪುಟ ಅಂದರೆ ಬಜೆಟ್ ಭಾಷಣದ ಜೊತೆ ಬರುವ ಅಂಕಿಗಳ ಪುಸ್ತಕ, ಲೆಕ್ಕಶೀರ್ಷಿಕೆ ಅಂದರೆ ಅದರಲ್ಲಿ ಒಂದೊಂದು ಬಗೆಯ ಖರ್ಚಿಗೆ ಇರುವ ಹೆಸರು ಮತ್ತು ಸಂಖ್ಯೆ.

ವಿಧಾನಸೌಧ ಬೀಟ್‌ನವರಿಗೆ ಗೊತ್ತಿರುವುದನ್ನು ಬಿಡುತ್ತೇನೆ. 2025–26ರಲ್ಲಿ 4.09 ಲಕ್ಷ ಕೋಟಿ ಎಂಬ ಗಾತ್ರವೇ ಎಲ್ಲರ ತಲೆಬರಹವಾಯಿತು. ನಾನು ಮೊದಲು ನೋಡುವುದು ಸಂಪುಟದ 'ಲೆಕ್ಕಗಳು' ಅಂಕಣ, ಅಂದರೆ ಎರಡು ವರ್ಷದ ಹಿಂದೆ ನಿಜಕ್ಕೂ ಹೋದ ಹಣ. ಅದನ್ನು ಆ ವರ್ಷದ ಭಾಷಣದ ಪಕ್ಕ ಇಟ್ಟರೆ ಯಾವ ಘೋಷಣೆ ಉಳಿಯಿತು, ಯಾವುದು ಭಾಷಣದಲ್ಲೇ ನಿಂತಿತು ಅನ್ನುವುದು ಕಾಣುತ್ತದೆ. ನಡುವಿನ ತಿಂಗಳುಗಳಿಗೆ ಪೂರಕ ಅಂದಾಜು (ವರ್ಷದ ನಡುವೆ ಸರ್ಕಾರ ಕೇಳುವ ಹೆಚ್ಚುವರಿ ಹಣದ ಪಟ್ಟಿ) ಮತ್ತು ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿಯ ಮಾಸಿಕ ಲೆಕ್ಕ ಸಾಕು.

ಇಲ್ಲಿಗೆ ಬರುವ ಮೊದಲು ಬಿದ್ದದ್ದು ಬಹಳ. ಸಂಪುಟದ ಅಂಕಿಗಳು ಲಕ್ಷದಲ್ಲಿರುತ್ತವೆ. ರಾತ್ರಿ ಹತ್ತರ ಡೆಡ್‌ಲೈನಿನಲ್ಲಿ ಕೋಟಿ ಅಂದುಕೊಂಡೆ. ನೂರು ಪಟ್ಟು ತಪ್ಪು ಅಚ್ಚಾಯಿತು. ಮರುದಿನ ತಿದ್ದುಪಡಿ ಬಂತು, ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು, ಎರಡು ವರ್ಷ ನನ್ನನ್ನು ಬಜೆಟ್ ತಂಡಕ್ಕೆ ಸೇರಿಸಲಿಲ್ಲ. ಇನ್ನೊಮ್ಮೆ ಶಾಲಾ ಕಟ್ಟಡಕ್ಕೆ ಬಿಡಿಗಾಸೂ ಇಲ್ಲ ಅಂತ ಬರೆದೆ. ನಾನು ನೋಡಿದ್ದು ಶಿಕ್ಷಣದ ಲೆಕ್ಕಶೀರ್ಷಿಕೆ 2202, ಅದು ರಾಜಸ್ವ ವೆಚ್ಚ, ಅಂದರೆ ಸಂಬಳದಂಥ ನಿತ್ಯದ ಖರ್ಚು. ಕಟ್ಟಡದ ದುಡ್ಡು ಬಂಡವಾಳ ವೆಚ್ಚದ 4202ರಲ್ಲಿ ಇತ್ತು. ಇಲಾಖೆಯ ಅಧಿಕಾರಿಯೊಬ್ಬರು ಎದುರಿಗೆ ಕೂರಿಸಿಕೊಂಡು ಪುಟ ತೆಗೆದು ತೋರಿಸಿದರು. ಆ ಅರ್ಧ ಗಂಟೆ ನನಗೆ ಪತ್ರಿಕೋದ್ಯಮದ ತರಗತಿಗಿಂತ ಹೆಚ್ಚು ಕಲಿಸಿತು.

ನಿಜವಾದ ಕಷ್ಟ ನಿಗಮಗಳದ್ದು, ಅಂದರೆ ಇಲಾಖೆಗಳ ಕೆಳಗಿನ ಸರ್ಕಾರಿ ಸಂಸ್ಥೆಗಳದ್ದು. ಇಲಾಖೆ ನಿಗಮಕ್ಕೆ ಹಣ ಬಿಡುಗಡೆ ಮಾಡಿದ ಕೂಡಲೇ ಲೆಕ್ಕದಲ್ಲಿ ಅದು 'ವೆಚ್ಚ'. ಅಲ್ಲಿ ಅದು ಠೇವಣಿಯಾಗಿ ಕುಳಿತಿರಬಹುದು, ಫಲಾನುಭವಿಗೆ ಒಂದು ರೂಪಾಯಿಯೂ ಮುಟ್ಟದೇ ಇರಬಹುದು. ಸಾಧನೆ ಶೇಕಡ ನೂರು ಅನ್ನುವ ಪ್ರೆಸ್ ನೋಟನ್ನು ನಾನೂ ಎಷ್ಟೋ ಸಲ ಹಾಗೇ ಹಾಕಿದ್ದೇನೆ, ಅದಕ್ಕೆ ಈಗಲೂ ಬೇಸರವಿದೆ. ಹಾಗಾಗಿ ನಿಗಮಗಳಿಗೆ ಆರ್‌ಟಿಐ ಹಾಕಲು ಶುರುಮಾಡಿದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಒಂದು ಪ್ರಶ್ನೆಯನ್ನು ಹನ್ನೊಂದು ಅರ್ಜಿಗಳಾಗಿ ಒಡೆದೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ ಚಿಕ್ಕದೇ. ಆದರೆ ಜೆರಾಕ್ಸ್, ಅಂಚೆ, ಮೇಲ್ಮನವಿ, ಓಡಾಟ ಸೇರಿ ಮೊದಲ ವರ್ಷ ಆರೇಳು ಸಾವಿರ ಕೈಯಿಂದ ಹೋಯಿತು. ಆಗ ನನ್ನ ಸಂಬಳ ಹದಿನೆಂಟು ಸಾವಿರದ ಆಸುಪಾಸು. ಸುಮಾರು ನಲವತ್ತು ಅರ್ಜಿಯಲ್ಲಿ ಕೆಲಸಕ್ಕೆ ಬಂದದ್ದು ಆರು ಉತ್ತರ. ಲೀಡ್ ಆದ ಸುದ್ದಿ ಹುಟ್ಟಿದ್ದು ಆ ಆರರಲ್ಲಿ ಒಂದರಿಂದ. ಯಾವ ದಾಖಲೆಯನ್ನು ಯಾವ ಹೆಸರಿನಿಂದ ಕೇಳಿದರೆ ತಿರಸ್ಕರಿಸಲು ಬರುವುದಿಲ್ಲ ಅನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಚುನಾವಣಾ ಪ್ರಮಾಣಪತ್ರಗಳನ್ನೂ ಹಿಡಿದೆ. ಒಬ್ಬೊಬ್ಬ ಅಭ್ಯರ್ಥಿಯ ಮೂರು ಚುನಾವಣೆಯ ಆಸ್ತಿ ವಿವರ ಸಾಲಾಗಿ ಇಟ್ಟು ನೋಡಿದೆ. ನಾಲ್ಕು ತಿಂಗಳ ಭಾನುವಾರಗಳು ಹೋದವು. ಅದೇ ಜಮೀನಿಗೆ ಒಂದು ಸಲ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ, ಇನ್ನೊಂದು ಸಲ ಅಂದಾಜು ಬೆಲೆ. ಹೋಲಿಕೆ ನಿಲ್ಲಲಿಲ್ಲ, ಬಿಟ್ಟೆ.

ತೆರಿಗೆ ಪಾಲಿನ ಕತೆ ಮಾತ್ರ ಹೇಳಲೇಬೇಕು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಎಷ್ಟು ಹಂಚಬೇಕು ಅಂತ ಶಿಫಾರಸು ಮಾಡುವುದು ಹಣಕಾಸು ಆಯೋಗ. ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ 14ನೇ ಆಯೋಗ ಕರ್ನಾಟಕಕ್ಕೆ ಕೊಟ್ಟಿದ್ದ ಪಾಲು ಶೇ 4.713, 15ನೇ ಆಯೋಗದಲ್ಲಿ ಅದು ಶೇ 3.65ರ ಹತ್ತಿರಕ್ಕೆ ಇಳಿಯಿತು. 2020ರಲ್ಲಿ ಬರೆದು ಕೊಟ್ಟೆ, ಒಳಪುಟದಲ್ಲಿ ಸಿಂಗಲ್ ಕಾಲಂ. ನಾಲ್ಕು ವರ್ಷದ ನಂತರ, 2024ರ ಫೆಬ್ರುವರಿಯಲ್ಲಿ, ರಾಜ್ಯ ಸರ್ಕಾರವೇ ಅದನ್ನು ಹಿಡಿದು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತು. ಆ ಕಟಿಂಗ್ ಈಗಲೂ ನನ್ನ ಮೇಜಿನ ಗಾಜಿನಡಿ ಇದೆ.

ಈಗ 4700, 4701 ತೆರೆದಿಟ್ಟುಕೊಂಡಿದ್ದೇನೆ, ನೀರಾವರಿ. ಹತ್ತು ವರ್ಷದ ಲೆಕ್ಕದಲ್ಲಿ ಆರು ವರ್ಷದ್ದು ಹಾಳೆಗೆ ಇಳಿದಿದೆ. ಹಳೆಯ ಕೆಲವು ಸಂಪುಟಗಳ ಸ್ಕ್ಯಾನ್ ಓದಲು ಬರುವಂತಿಲ್ಲ. ಯಾರ ಬಳಿಯಾದರೂ ಅಚ್ಚಾದ ಪ್ರತಿ ಇದ್ದರೆ ಎರಡು ದಿನಕ್ಕೆ ಕೊಡಿ, ಜೋಪಾನವಾಗಿ ಹಿಂತಿರುಗಿಸುತ್ತೇನೆ.